ಹನ್ನೊಂದನೆಯವನು ಯಾರು?

ಫ್ಯಾಂಟಸಿ ಕ್ರಿಕೆಟ್‌ನಲ್ಲಿ ವಿರಾಟ್ ಕೊಹ್ಲಿಯನ್ನು ಆಡಿಸಬೇಕಾ ಬೇಡವಾ ಅಂತ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಕೊಹ್ಲಿ ಇದ್ದರೆ ಆಡಿಸ್ತೀವಿ, ಮುಗೀತು. ಮೊದಲ ಎಂಟೊಂಬತ್ತು ಹೆಸರು ಹಾಗೇ ಕಣ್ಣುಮುಚ್ಚಿ ಬೀಳುತ್ತವೆ. ತಲೆ ಕೆಡೋದು ಹನ್ನೊಂದನೇ ಜಾಗಕ್ಕೆ ಬಂದಾಗ. ಅಲ್ಲಿ ಇಬ್ಬರೋ ಮೂವರೋ ನಿಂತಿರುತ್ತಾರೆ. ಎಲ್ಲರೂ ಸುಮಾರು ಒಂದೇ ಥರ ಕಾಣುತ್ತಾರೆ. ಒಬ್ಬನನ್ನು ಇಳಿಸಬೇಕು, ಉಳಿದವರನ್ನು ಬೆಂಚಿನ ಮೇಲೆ ಕೂರಿಸಬೇಕು. ಮತ್ತೆ ಆ ವಾರ ಪೂರ್ತಿ ಬೆಂಚಿನ ಮೇಲೆ ಕೂತವನೇ ಸಿಕ್ಸರ್ ಹೊಡೀತಾನೆ.

ಆಡೋರಿಗೆಲ್ಲ ಈ ನೋವು ಗೊತ್ತು. ಆಡದವರಿಗೆ ನಮ್ಮ ಲೀಗಿನ ಲೆಕ್ಕ ಹೇಳಿಬಿಡ್ತೀನಿ, ಮುಂದೆ ಅರ್ಥವಾಗೋಕೆ ಸುಲಭ.

ನಾವು ಎಂಟು ಜನ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಊರಿಗೆ ಇಬ್ಬರಂತೆ. ಓದುವಾಗ ಒಂದೇ ಹಾಸ್ಟೆಲ್. ಈಗ ಒಬ್ಬ ವೈಟ್‌ಫೀಲ್ಡು, ಒಬ್ಬ ಎಲೆಕ್ಟ್ರಾನಿಕ್ ಸಿಟಿ, ಒಬ್ಬ ದಿನಾ ಮೆಮು ಟ್ರೈನಲ್ಲಿ ಓಡಾಡೋನು, ಒಬ್ಬ ಕೆಲಸ ಬಿಟ್ಟು ಅಪ್ಪನ ಜೊತೆ ಹಿಪ್ಪುನೇರಳೆ ತೋಟ ನೋಡಿಕೊಳ್ಳೋನು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಯ್ತು, ನಮ್ಮ ವಾಟ್ಸಾಪ್ ಗ್ರೂಪಿನ ಹೆಸರಲ್ಲಿ ಮಾತ್ರ ಇನ್ನೂ ರಾಮನಗರ ಅಂತಲೇ ಇದೆ. ಯಾರೂ ಬದಲಾಯಿಸೋ ಮನಸ್ಸು ಮಾಡಿಲ್ಲ.

ಐಪಿಎಲ್‌ಗೆ ಮೊದಲು ನಮ್ಮದೇ ಒಂದು ಹರಾಜು. ಒಬ್ಬೊಬ್ಬರಿಗೆ 15 ಆಟಗಾರರು. ಒಬ್ಬರ ಹತ್ತಿರ ಇರೋ ಆಟಗಾರ ಇನ್ನೊಬ್ಬರಿಗೆ ಸಿಗಲ್ಲ. ಸೋಮವಾರದಿಂದ ಭಾನುವಾರ ಒಂದು ವಾರ. ಪ್ರತಿ ವಾರ 11 ಜನರನ್ನು ಇಳಿಸಬೇಕು, 4 ಜನ ಬೆಂಚು. ಬೆಂಚಿನಲ್ಲಿದ್ದವರು ಸೆಂಚುರಿ ಹೊಡೆದರೂ ಅಂಕ ಸೊನ್ನೆ. ಆ ವಾರ ಆಟಗಾರನ ತಂಡದ ಮೊದಲ ಪಂದ್ಯದ ಮೊದಲ ಎಸೆತ ಬಿದ್ದ ಕೂಡಲೇ ಅವನ ಜಾಗ ಲಾಕ್. ರನ್ನಿಗೆ 1, ಬೌಂಡರಿಗೆ 1 ಹೆಚ್ಚುವರಿ, ಸಿಕ್ಸರ್‌ಗೆ 2 ಹೆಚ್ಚುವರಿ, ಕ್ಯಾಚಿಗೆ 8, ವಿಕೆಟ್‌ಗೆ 25. ಎಲ್ಲ ಒಂದು ಗೂಗಲ್ ಶೀಟಿನಲ್ಲಿ. ಅದರ ಫಾರ್ಮುಲಾಗಳ ಉಸ್ತುವಾರಿ ನನ್ನದು. ಆಫೀಸಿನಲ್ಲಿ ಇಷ್ಟು ಶ್ರದ್ಧೆಯಿಂದ ನಾನು ಯಾವ ಕೋಡನ್ನೂ ಟೆಸ್ಟ್ ಮಾಡಿದವನಲ್ಲ ಅನ್ನೋದು ನನ್ನ ಹೆಂಡತಿಯ ಅಭಿಪ್ರಾಯ. ದುಡ್ಡಿನ ವ್ಯವಹಾರ ಇಲ್ಲ. ಕೊನೇ ಸ್ಥಾನಕ್ಕೆ ಬಂದವನು ಬಿಡದಿಯಲ್ಲಿ ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಬೇಕು, ಅಷ್ಟೇ.

ಈಗ ವಿಷಯಕ್ಕೆ ಬರೋಣ. 2025ರ ಮೇ 27, ಲಖನೌ. ಆರ್‌ಸಿಬಿ ಗೆದ್ದರೆ ಮೊದಲೆರಡು ಸ್ಥಾನದಲ್ಲಿ ಜಾಗ. ಲಖನೌ ಕೊಟ್ಟ ಗುರಿ 228. ನಾಲ್ಕನೇ ವಿಕೆಟ್ ರೂಪದಲ್ಲಿ ಕೊಹ್ಲಿ ಹೋದಾಗ ಸ್ಕೋರು 123. ಆಮೇಲೆ ಜಿತೇಶ್ ಶರ್ಮಾ ಮಾಡಿದ್ದು ನಿಮಗೆ ನೆನಪಿರುತ್ತೆ. 33 ಎಸೆತ, 85 ರನ್, ನಾಟೌಟ್. ಆ ಕಡೆ ಮಯಾಂಕ್ ಅಗರ್ವಾಲ್. ಎಂಟು ಎಸೆತ ಬಾಕಿ ಇರುವಾಗಲೇ ಪಂದ್ಯ ಮುಗೀತು.

ಜಿತೇಶ್ ನಮ್ಮ ಲೀಗಿನಲ್ಲಿ ಚನ್ನಪಟ್ಟಣದವನ ಹತ್ತಿರ ಇದ್ದ. ಎಲ್ಲಿ? ಬೆಂಚಿನ ಮೇಲೆ. ನೂರರ ಮೇಲಿನ ಅಂಕ ಮಣ್ಣುಪಾಲು. ಪಾಪ, ಆರ್‌ಸಿಬಿ ಅಂದ್ರೆ ಪ್ರಾಣ ಬಿಡೋನು. ಆವತ್ತು ರಾತ್ರಿ ಕುಣೀಬೇಕೋ ಅಳಬೇಕೋ ಅಂತ ಅವನಿಗೇ ಗೊತ್ತಾಗಲಿಲ್ಲ. ಗ್ರೂಪಿನಲ್ಲಿ ಶುರುವಾಯ್ತು ನೋಡಿ. ‘ಏನ್ ಮಗಾ, ಕ್ಯಾಪ್ಟನ್ನನ್ನೇ ಬೆಂಚಿಗೆ ಹಾಕಿದ್ಯಲ್ಲೋ.’ ‘ಅವನಿಗೆ ಚನ್ನಪಟ್ಟಣದ ಗೊಂಬೆ ಆಡ್ಸೋಕ್ ಕೊಡ್ರೋ, ಕ್ರಿಕೆಟ್ ಬ್ಯಾಡ.’ ಅವನು ಎರಡು ದಿನ ಗ್ರೂಪಿನಲ್ಲಿ ಮಾತೇ ಆಡಲಿಲ್ಲ. ಆಮೇಲೆ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ‘ನಾನು ಮಾಡಿದ್ದು ತಪ್ಪಾ?’

ಅಲ್ಲ ಅಂದೆ. ಈಗಲೂ ಹಾಗೇ ಹೇಳ್ತೀನಿ. ಆರನೇ ಕ್ರಮಾಂಕದವನು ಸಾಮಾನ್ಯವಾಗಿ ಬರೋದು ಹದಿನೈದು, ಹದಿನಾರನೇ ಓವರಿಗೆ. ಉಳಿದಿರೋದು ಇಪ್ಪತ್ತೈದರಿಂದ ಮೂವತ್ತು ಎಸೆತ. ಅದರಲ್ಲಿ ಅರ್ಧ ಆ ಕಡೆಯವನದು. ಅಂದರೆ ಹತ್ತು ಹದಿನೈದು ಎಸೆತದಲ್ಲಿ ಎಷ್ಟು ಹೊಡೀತಾನೋ ಅಷ್ಟು. ಆವತ್ತು ಹನ್ನೆರಡನೇ ಓವರಿನಲ್ಲೇ ಬಂದು 33 ಎಸೆತ ಆಡಿದ. ಅದನ್ನು ಸಂಜೆ ಏಳು ಗಂಟೆಗೆ ಹೇಳೋಕೆ ಯಾರಿಗೆ ಸಾಧ್ಯ? ಹತ್ತು ಸಲ ಅದೇ ಆಯ್ಕೆ ಬಂದರೂ ಅವನು ಜಿತೇಶನನ್ನು ಬೆಂಚಿನಲ್ಲೇ ಇಡಬೇಕು. ಹತ್ತರಲ್ಲಿ ಒಂದು ಸಲ ಹೀಗೆ ಉರಿಯುತ್ತೆ. ಉರೀಲಿ.

ಗ್ರೂಪಿನಲ್ಲಿ ಅವನ ಪರ ಮಾತಾಡಿದ್ದು ಇನ್ನೊಬ್ಬನೇ, ನಮ್ಮ ಕನಕಪುರದ ರೇಷ್ಮೆ ಮಹಾಶಯ. ‘ನಮ್ಮಪ್ಪ ಗೂಡು ಮಾರೋದೂ ಹಿಂಗೇ ಕಣ್ರೋ’ ಅಂದ. ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ನೋಡಿದ್ದೀರಾ? ನೋಡಿಲ್ಲದಿದ್ದರೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಗೂಡಿನ ರಾಶಿ ಲಾಟು ಲಾಟಾಗಿ ಸುರಿದಿರುತ್ತೆ. ನೂಲು ಬಿಚ್ಚೋ ರೀಲರ್‌ಗಳು ಒಂದು ಹಿಡಿ ಎತ್ತಿ, ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡ್ತಾರೆ. ಆಮೇಲೆ ಮೊಬೈಲಿನಲ್ಲಿ ಬೆಲೆ ಹಾಕ್ತಾರೆ. ಬಂದ ಬೆಲೆ ಒಪ್ಪದಿದ್ದರೆ ರೈತ ಮುಂದಿನ ಸುತ್ತಿಗೆ ಕಾಯಬಹುದು. ಆದರೆ ಕಾಯೋಕೂ ಮಿತಿ ಇದೆ. ಗೂಡು ಕಟ್ಟಿ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಒಳಗಿನಿಂದ ತೂತು ಮಾಡಿಕೊಂಡು ಹೊರಗೆ ಬರುತ್ತೆ, ಗೂಡು ಆಮೇಲೆ ನೂಲಿಗೆ ಬರಲ್ಲ. ಅವರಪ್ಪ ಒಂದು ಸಲ ಮೊದಲ ಬೆಲೆ ಬಿಟ್ಟರಂತೆ. ಎರಡನೇ ಸುತ್ತಿನಲ್ಲಿ ಅದಕ್ಕಿಂತ ಕಮ್ಮಿ ಬಂತು. ಮಗ ಬಸ್ಸಿನಲ್ಲಿ ಪೂರ್ತಿ ಗೊಣಗುತ್ತಾ ಬಂದರೆ ಅಪ್ಪ ಹೇಳಿದ್ದು, ಗೂಡು ಗಟ್ಟಿಯಾಗಿತ್ತು, ಕೈಯಲ್ಲಿ ದಿನ ಇತ್ತು, ಬಿಟ್ಟಿದ್ದು ಸರಿ, ಮುಂದಿನ ಸಲವೂ ಬಿಡ್ತೀನಿ ಅಂತ. ಇಷ್ಟು ಕೇಳಿದ ಮೇಲೂ ಗ್ರೂಪಿನಲ್ಲಿ ಚನ್ನಪಟ್ಟಣದವನನ್ನು ಬಿಡಲಿಲ್ಲ ಅನ್ನೋದು ಬೇರೆ ಮಾತು.

ಹಾಗಾದರೆ ಹನ್ನೊಂದನೆಯವನನ್ನು ಯಾವುದನ್ನು ನೋಡಿ ಆರಿಸಬೇಕು? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಕ್ರಿಕೆಟ್ಟಿನಿಂದಲ್ಲ. ನಮ್ಮ ಪ್ರಾಜೆಕ್ಟಿನ ಅಮೆರಿಕದ ಟೀಮಿನವರು ಪ್ರತಿ ಸೆಪ್ಟೆಂಬರ್ ಬಂದರೆ ಫ್ಯಾಂಟಸಿ ಫುಟ್‌ಬಾಲ್ ಹಿಡ್ಕೋತಾರೆ. ಅವರ ಫುಟ್‌ಬಾಲ್, ಕೈಯಲ್ಲಿ ಹಿಡಿದು ಓಡೋದು. ಆ ಹುಚ್ಚು ಶುರುವಾಗಿದ್ದೇ 1962ರಲ್ಲಂತೆ, ಕಂಪ್ಯೂಟರ್ ಇಲ್ಲದ ಕಾಲ, ಪೆನ್ನು ಕಾಗದದ ಲೆಕ್ಕ. ಅಲ್ಲಿ ರಿಸೀವರ್ ಅಂತ ಇರ್ತಾರೆ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯೋರು. ಈ ವಾರ ಯಾವ ರಿಸೀವರನ್ನು ಇಳಿಸಬೇಕು, ಯಾವನನ್ನು ಕೂರಿಸಬೇಕು ಅನ್ನೋದು ಅಲ್ಲಿ ಪ್ರತಿ ವಾರದ ರಾಮಾಯಣ. ಬಲ್ಲವರು ಏನು ನೋಡ್ತಾರೆ ಅಂದರೆ, ಕಳೆದ ವಾರ ಅವನು ಎಷ್ಟು ಗಜ ಓಡಿದ ಅಂತಲ್ಲ. ಅವನ ಕಡೆಗೆ ಎಷ್ಟು ಸಲ ಚೆಂಡು ಎಸೆದರು ಅಂತ. ಅದಕ್ಕೆ ಟಾರ್ಗೆಟ್ ಅಂತಾರೆ. ಹತ್ತು ಸಲ ಅವನತ್ತ ಎಸೆದಿದ್ದಾರೆ, ಆದರೆ ಮೂರೇ ಹಿಡಿದಿದ್ದಾನೆ ಅಂದರೆ, ಆಡಿಸು. ಎರಡೇ ಸಲ ಎಸೆದಿದ್ದಾರೆ, ಒಂದು ಹಿಡಿದು ಎಂಬತ್ತು ಗಜ ಓಡಿಬಿಟ್ಟ ಅಂದರೆ, ಚಪ್ಪಾಳೆ ಹೊಡಿ, ಬೆಂಚಿನಲ್ಲಿಡು. ಓಟ ಅವನ ಕೈಯಲ್ಲೂ ಪೂರ್ತಿ ಇಲ್ಲ. ಆದರೆ ಅವನಿಗೆ ಸಿಗೋ ಅವಕಾಶ ಟೀಮಿನ ಯೋಜನೆ, ಅದು ವಾರದಿಂದ ವಾರಕ್ಕೆ ಅಷ್ಟು ಬೇಗ ಬದಲಾಗಲ್ಲ.

ನಮ್ಮ ಕ್ರಿಕೆಟ್ಟಿನಲ್ಲಿ ಆ ಟಾರ್ಗೆಟ್ ಯಾವುದು? ಬ್ಯಾಟ್ಸ್‌ಮನ್‌ಗೆ ಎಸೆತ, ಬೌಲರ್‌ಗೆ ಓವರ್. ಜೊತೆಗೆ ಆ ವಾರ ಅವನ ತಂಡಕ್ಕೆ ಎಷ್ಟು ಪಂದ್ಯ ಅನ್ನೋದು. ಎರಡು ಪಂದ್ಯ ಇರೋ ಸಾಧಾರಣ ಓಪನರ್, ಒಂದೇ ಪಂದ್ಯ ಇರೋ ಸ್ಟಾರ್ ಫಿನಿಷರ್‌ಗಿಂತ ಮೇಲು. ಪಿಚ್ಚು, ಎದುರಾಳಿ, ಹವಾಮಾನ, ಇವೆಲ್ಲ ಆಮೇಲೆ. ಕಳೆದ ಪಂದ್ಯದ ಸ್ಕೋರು ಎಲ್ಲಕ್ಕಿಂತ ಕೊನೆಗೆ. ಆದರೆ ನಾವು ಮೊದಲು ನೋಡೋದೇ ಅದನ್ನ.

ರೋಹಿತ್ ಶರ್ಮಾ ಕಥೆ ತಗೊಳ್ಳಿ. 2025ರ ಏಪ್ರಿಲ್ 20ರ ತನಕ ಅವರ ಸ್ಕೋರು: 0, 8, 13, 17, 18, 26. ಆರು ಇನ್ನಿಂಗ್ಸ್, 82 ರನ್. ನಮ್ಮ ಲೀಗಿನಲ್ಲಿ ರೋಹಿತ್ ಇದ್ದದ್ದು ರಾಮನಗರದ ಇನ್ನೊಬ್ಬನ ಹತ್ತಿರ, ಮೆಮು ಟ್ರೈನಿನವನು. ಏಪ್ರಿಲ್ 17ರ ಗುರುವಾರ ಮುಂಬೈಗೆ ಆ ವಾರದ ಮೊದಲ ಪಂದ್ಯ. ಏಳು ಗಂಟೆಗೆ ಟಾಸ್. ಮುಂಬೈ ಮೊದಲು ಬೌಲಿಂಗ್. ಹನ್ನೊಂದರ ಪಟ್ಟಿಯಲ್ಲಿ ರೋಹಿತ್ ಹೆಸರಿಲ್ಲ. ಟ್ರೈನು ಹೆಜ್ಜಾಲ ದಾಟಿದೆ, ನೆಟ್‌ವರ್ಕ್ ಬರುತ್ತೆ ಹೋಗುತ್ತೆ. ನಿಂತುಕೊಂಡೇ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು. ‘ಆಡ್ತಿಲ್ಲ ಬುಡು’ ಅಂತ ಬೆಂಚಿಗೆ ಹಾಕಿದ. ಬಿಡದಿ ಬರೋ ಹೊತ್ತಿಗೆ ಲಾಕ್.

2023ರಿಂದ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಇದೆಯಲ್ಲ, ಹನ್ನೊಂದರ ಪಟ್ಟಿಯ ಕೆಳಗೆ ಐದು ಹೆಸರು ಇರುತ್ತೆ. ರೋಹಿತ್ ಹೆಸರು ಅಲ್ಲಿತ್ತು. ಆ ಸೀಸನ್ ಪೂರ್ತಿ ಮುಂಬೈ ಅವರನ್ನು ಬಳಸಿದ್ದೇ ಹೆಚ್ಚಾಗಿ ಹಾಗೆ: ಫೀಲ್ಡಿಂಗ್ ಹೊತ್ತಿಗೆ ಹೊರಗೆ, ಬ್ಯಾಟಿಂಗ್ ಹೊತ್ತಿಗೆ ಒಳಗೆ. ಓಪನಿಂಗ್ ಜಾಗ ಅವರದೇ. ಗುರುವಾರ 26, ಭಾನುವಾರ ವಾಂಖೆಡೆಯಲ್ಲಿ ಚೆನ್ನೈ ವಿರುದ್ಧ 45 ಎಸೆತದಲ್ಲಿ ಔಟಾಗದೆ 76. ಬೌಂಡರಿ ಸಿಕ್ಸರ್ ಬಿಟ್ಟು ರನ್ನೇ 102. ಇಲ್ಲಿ ಎರಡು ವಿಷಯ ಇದೆ. ಟಾಸ್ ಆದಮೇಲೆ ಐದು ಹೆಸರನ್ನೂ ಓದಿ, ಹನ್ನೊಂದಕ್ಕೇ ನಿಲ್ಲಿಸಬೇಡಿ. ಇನ್ನೊಂದು, ಅದುವರೆಗಿನ ಸಣ್ಣ ಸ್ಕೋರುಗಳನ್ನು ನೋಡಿ ಹೆದರಿದ್ದು. ಇಡೀ ಇನ್ನಿಂಗ್ಸಿನಲ್ಲಿ ಮೊದಲ ಎಸೆತಕ್ಕೆ ರೆಡಿ ಇರೋ ಓಪನರ್‌ಗಿಂತ ದೊಡ್ಡ ಟಾರ್ಗೆಟ್ ಇನ್ಯಾರಿಗೆ?

ಇದಕ್ಕೆ ಉಲ್ಟಾ ಕಥೆ ನಮ್ಮ ಕರುಣ್ ನಾಯರ್ ಅವರದು. ನಮ್ಮ ಅಂತ ಧೈರ್ಯವಾಗಿ ಹೇಳ್ತೀನಿ, ಆಗ ಅವರು ವಿದರ್ಭಕ್ಕೆ ಆಡ್ತಿದ್ದರೂ. ಏಪ್ರಿಲ್ 13ರ ಭಾನುವಾರ, ಮೂರು ವರ್ಷದ ಬಳಿಕ ಐಪಿಎಲ್ ಪಂದ್ಯ. ಡೆಲ್ಲಿ ಪರ ಇಂಪ್ಯಾಕ್ಟ್ ಪ್ಲೇಯರ್ ಆಗಿ ಬಂದು ಮುಂಬೈ ವಿರುದ್ಧ 40 ಎಸೆತಕ್ಕೆ 89. ಬೂಮ್ರಾನನ್ನೂ ಬಿಡಲಿಲ್ಲ. ಡೆಲ್ಲಿ ಸೋತರೂ ಆವತ್ತು ರಾತ್ರಿ ನಮ್ಮ ಗ್ರೂಪಿನಲ್ಲಿ ಬರೀ ಕರುಣ್. ಆ ವಾರ ಅವರನ್ನು ಇಳಿಸಿದ್ದವರು ಯಾರೂ ಇಲ್ಲ, ಮುಂದಿನ ವಾರಕ್ಕೆ ಎಲ್ಲರಿಗೂ ಬೇಕು. ಮುಂದಿನ ಪಂದ್ಯದಲ್ಲಿ ಸೊನ್ನೆ, ರನೌಟ್. ಅದರ ಮುಂದಿನದ್ದರಲ್ಲಿ 31.

ನೋಡಿ, ಕರುಣ್ ಅವರನ್ನು ಇಳಿಸಿದ್ದು ತಪ್ಪಲ್ಲ. ಆದರೆ ಕಾರಣ ಆ 89 ಆಗಿದ್ದರೆ ತಪ್ಪು. ಅವರು ಮೂರನೇ ಕ್ರಮಾಂಕದಲ್ಲಿ ಬರ್ತಾರೆ, ಟೀಮು ಅವರನ್ನು ಇನ್ನೂ ಕೆಲವು ಪಂದ್ಯ ಆಡಿಸುತ್ತೆ, ಎಸೆತ ಸಿಗುತ್ತೆ, ಇದು ಸರಿಯಾದ ಕಾರಣ. ಎರಡೂ ಕಾರಣಕ್ಕೆ ಆ ವಾರ ಸಿಕ್ಕಿದ್ದು 31 ರನ್ನೇ. ವ್ಯತ್ಯಾಸ ಗೊತ್ತಾಗೋದು ಅದರ ಮುಂದಿನ ವಾರ. 89 ನೋಡಿ ಹಾಕಿದವನು ಸೊನ್ನೆ ನೋಡಿ ತೆಗೀತಾನೆ.

ಇನ್ನು ಹೃದಯದ ವಿಚಾರ. ಅದನ್ನು ಬಿಟ್ಟು ಬರೆದರೆ ಈ ಅಂಕಣ ಸುಳ್ಳಾಗುತ್ತೆ. ಕೆ.ಎಲ್. ರಾಹುಲ್ ಇದ್ದದ್ದು ಕನಕಪುರದ ಇನ್ನೊಬ್ಬನ ಹತ್ತಿರ. ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ವಿರುದ್ಧ ಡೆಲ್ಲಿ. ಹಿಂದಿನ ಪಂದ್ಯದಲ್ಲಿ ಚೆನ್ನೈನಲ್ಲಿ ಓಪನಿಂಗ್ ಬಂದು 77 ಹೊಡೆದಿದ್ದ ರಾಹುಲ್ ಈ ಸಲ ನಾಲ್ಕನೇ ಕ್ರಮಾಂಕ. ‘ಆರ್‌ಸಿಬಿ ಮೇಲೆ ಅವನು ಹೊಡೀಲಿ ಅಂತ ಕೂತ್ಕೊಂಡು ಬೇಡ್ಕೊಳಕ್ಕೆ ನನ್ ಕೈಲಾಗಲ್ಲ’ ಅಂತ ಬೆಂಚಿಗೆ ಹಾಕಿದ. ಎರಡು ವಿಕೆಟ್ ಬೇಗ ಬಿದ್ದವು, ರಾಹುಲ್ ಬೇಗ ಬಂದರು, 53 ಎಸೆತ ಆಡಿ 93 ನಾಟೌಟ್. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು, ಇದು ನನ್ನ ಜಾಗ ಅಂತ ತೋರಿಸಿದ್ದು ಎಲ್ಲ ಫೋನಿಗೂ ಬಂತು. ಕಾಂತಾರ ಸಿನಿಮಾದಿಂದ ತಗೊಂಡಿದ್ದು ಅಂತ ಅವರೇ ಹೇಳಿದ್ದರು.

ಶೀಟಿನ ಪ್ರಕಾರ ಕನಕಪುರದವನ ನಿರ್ಧಾರ ಕೆಟ್ಟದ್ದು. ನಾಲ್ಕನೇ ಕ್ರಮಾಂಕ ಅಂದರೂ ಅವನ ಬೆಂಚಿನ ಉಳಿದವರಿಗಿಂತ ಎಸೆತ ಜಾಸ್ತಿ. ಆದರೆ ನನಗೆ ಅವನ ಮೇಲೆ ಬೇಜಾರಿಲ್ಲ. ಯಾಕೆ ಅಂದರೆ ಅವನು ಸುಳ್ಳು ಕಾರಣ ಕೊಡಲಿಲ್ಲ. ಪಿಚ್ಚು ಸ್ಲೋ, ರಾಹುಲ್ ಸ್ಟ್ರೈಕ್‌ರೇಟ್ ಕಮ್ಮಿ ಅಂತೆಲ್ಲ ಲೆಕ್ಕದ ವೇಷ ಹಾಕಿಸಲಿಲ್ಲ. ಮನಸ್ಸು ಒಪ್ಪಲ್ಲ ಅಂದ, ಅಂಕ ಬಿಟ್ಟ, ಆಮೇಲೆ ಒಂದು ಮಾತು ಗೊಣಗಲಿಲ್ಲ. ವರ್ಷಕ್ಕೆ ಎರಡು ಸಲ ಹಾಗೆ ಮಾಡಿ, ತೊಂದರೆ ಇಲ್ಲ.

ಹನ್ನೊಂದನೇ ಜಾಗಕ್ಕೆ ನನ್ನ ಮೆಚ್ಚಿನ ಹೆಸರು ಯಾವತ್ತೂ ನಾಲ್ಕು ಓವರ್ ಖಚಿತವಾಗಿ ಹಾಕಿ, ಸ್ವಲ್ಪ ಬ್ಯಾಟೂ ಬೀಸೋನು. ಕೃನಾಲ್ ಪಾಂಡ್ಯ ಥರದವನು. ಪೋಸ್ಟರಿನಲ್ಲಿ ಮುಖ ಇರಲ್ಲ. ಜೂನ್ 3ರ ಫೈನಲ್ ನೆನಪು ಮಾಡಿಕೊಳ್ಳಿ, ಹದಿನೆಂಟು ವರ್ಷ ಕಾದದ್ದು ಆರು ರನ್ನಿನಲ್ಲಿ ಬಂತು. ಕೊಹ್ಲಿ 43. ಕೃನಾಲ್ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್, ಪಂದ್ಯಶ್ರೇಷ್ಠ. ನಮ್ಮ ಶೀಟಿನಲ್ಲಿ ಎರಡು ವಿಕೆಟ್ಟೇ 50 ಅಂಕ, ಕೊಹ್ಲಿಯ ಬೌಂಡರಿ ಸೇರಿಸಿದರೂ ಅದಕ್ಕಿಂತ ಕೆಳಗೆ.

ಒಂದು ತಿದ್ದುಪಡಿ ಮಾತ್ರ ಹೇಳಲೇಬೇಕು, ಇದುವರೆಗೆ ಹೇಳಿದ್ದೆಲ್ಲ ಎಂಟು ಜನರ ಆಟಕ್ಕೆ. ಎದುರಿಗೆ ಎಷ್ಟು ಜನ ಇದ್ದಾರೆ ಅನ್ನೋದರ ಮೇಲೆ ಬೆಂಚಿನ ಲೆಕ್ಕ ಬದಲಾಗುತ್ತೆ. ಎಂಟು ಜನರಲ್ಲಿ ಮುಂದೆ ಇದ್ದೀರಾ, ಕೃನಾಲ್. ವಾರದ ಕೊನೆಗೆ ಎಂಬತ್ತು ಅಂಕ ಹಿಂದಿದ್ದೀರಾ, ಆಗ ಜಿತೇಶ್. ನಲವತ್ತು ಅಂಕ ಖಚಿತವಾಗಿ ತರೋನು ಅಲ್ಲಿ ಕೆಲಸಕ್ಕೆ ಬರಲ್ಲ, ಸೊನ್ನೆಯೋ ನೂರೋ ತರೋನು ಬೇಕು. ಈಗ ಎಂಟರ ಬದಲು ಲಕ್ಷಗಟ್ಟಲೆ ಜನ ಇದ್ದಾರೆ, ಬಹುಮಾನದ ದೊಡ್ಡ ಪಾಲು ಮೇಲಿನ ಕೆಲವರಿಗೆ ಅಂದುಕೊಳ್ಳಿ. ಅಲ್ಲಿ ಎಲ್ಲರೂ ಆರಿಸಿದವರನ್ನು ಆರಿಸಿದರೆ ಗೆಲ್ಲೋಕೇ ಆಗಲ್ಲ. ಯಾರೂ ಆರಿಸದ ಜಿತೇಶನನ್ನು, ಅವನು 33 ಎಸೆತ ಆಡೋ ಆ ಒಂದೇ ರಾತ್ರಿ, ಹಿಡೀಬೇಕು. ಅದು ಆಯ್ಕೆಯಲ್ಲ, ಲಾಟರಿ ಟಿಕೆಟು.

ಮಾಗಡಿಯವನೊಬ್ಬ ಆ ಟಿಕೆಟ್ ಕೊಳ್ತಿದ್ದ. ಒಂದು ಆಪ್‌ನಲ್ಲಿ, ದುಡ್ಡು ಕಟ್ಟಿ. ಒಂದೇ ಪಂದ್ಯಕ್ಕೆ ಹತ್ತು ಇಪ್ಪತ್ತು ತಂಡ. ನನ್ನ ಲೆಕ್ಕ ನೋಡಿ: ತಂಡಕ್ಕೆ 49 ರೂಪಾಯಿ ಅಂದರೆ ಇಪ್ಪತ್ತಕ್ಕೆ 980. ಐಪಿಎಲ್‌ನಲ್ಲಿ 74 ಪಂದ್ಯ. ಎಲ್ಲದಕ್ಕೂ ಕಟ್ಟಿದರೆ 72,520. ಅವನು ಎಷ್ಟು ಕಟ್ಟಿದ ಅಂತ ಇವತ್ತಿಗೂ ಹೇಳಿಲ್ಲ, ನಾವೂ ಕೇಳಿಲ್ಲ. ಅವನ ಬೈಕು ಹೋಯ್ತು, ಮಾಗಡಿಗೆ ರೈಲೂ ಇಲ್ಲ, ಬಸ್ಸಿನಲ್ಲಿ ಓಡಾಡೋಕೆ ಶುರು ಮಾಡಿದ, ಅಷ್ಟು ನೋಡಿದ್ದೀವಿ. ನಮ್ಮ ಲೀಗಿನಲ್ಲೂ ಅವನ ಕೈ ಅದೇ ಅಭ್ಯಾಸಕ್ಕೆ ಬಿದ್ದಿತ್ತು. ಓಪನರ್‌ಗಳನ್ನು ಬೆಂಚಿಗೆ ಹಾಕಿ ಏಳನೇ ಕ್ರಮಾಂಕದವರನ್ನು ಇಳಿಸೋನು. ಎರಡು ವರ್ಷ ಸತತ ತಟ್ಟೆ ಇಡ್ಲಿ ಕೊಡಿಸಿದ್ದು ಅವನೇ. 2025ರಲ್ಲಿ ನಡುವೆಯೇ ತಂಡ ಹಾಕೋದು ಬಿಟ್ಟ. ಮ್ಯಾಚ್ ನೋಡಿದರೆ ಎದೆ ಹೊಡ್ಕೊಳ್ಳುತ್ತೆ ಕಣೋ ಅಂದಿದ್ದ.

ಸರ್ಕಾರದ ಕಡೆಯಿಂದ ಇದಕ್ಕೆ ಬಾಗಿಲು ಹಾಕೋ ಪ್ರಯತ್ನ ಹೊಸದಲ್ಲ. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಾಗ ಡ್ರೀಮ್11 ರಾಜ್ಯದಲ್ಲಿ ನಿಂತಿತ್ತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಲೋಕಸಭೆಯಲ್ಲಿ 20ಕ್ಕೆ, ರಾಜ್ಯಸಭೆಯಲ್ಲಿ 21ಕ್ಕೆ, ರಾಷ್ಟ್ರಪತಿಗಳ ಅಂಕಿತ 22ಕ್ಕೆ. ಟೀಮ್ ಇಂಡಿಯಾ ಜೆರ್ಸಿ ಮೇಲಿದ್ದ ಡ್ರೀಮ್11 ಹೆಸರೇ ಹೋಯ್ತು. ಕೌಶಲ್ಯವೋ ಅದೃಷ್ಟವೋ ಅನ್ನೋ ವಾದ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆದಿದೆ. ನನ್ನ ಪ್ರಕಾರ ಆರಿಸೋದು ಕೌಶಲ್ಯವೇ. ಆದರೆ ಲಕ್ಷ ಜನರ ಮಧ್ಯೆ ಅದಕ್ಕೆ ದುಡ್ಡು ಕಟ್ಟಿದಾಗ, ಆ ಕೌಶಲ್ಯ ಹೇಳೋ ಮಾತನ್ನು ಕೇಳದೇ ಇದ್ದರೇ ಗೆಲ್ಲೋ ಹಾಗೆ ಆಟ ಇರುತ್ತೆ. ಬೈಕ್ ಹೋಗೋದು ಅಲ್ಲಿ.

ಕಳೆದ ತಿಂಗಳು ಮಾಗಡಿಯವನು ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದ. ಮುಂದಿನ ಸೀಸನ್ನಿಗೆ ನನ್ನ ಜಾಗ ಇದೆಯಾ ಅಂತ. ಐದು ನಿಮಿಷದಲ್ಲಿ ಏಳು ಉತ್ತರ, ಏಳರಲ್ಲೂ ಬೈಗುಳ, ಅಂದರೆ ಇದೆ ಅಂತ. ಆಮೇಲೆ ನನಗೆ ಬೇರೆಯಾಗಿ ಕೇಳಿದ: ಹದಿನೈದರಲ್ಲಿ ಓಪನರ್ ಎಷ್ಟು ಜನ ಇರಬೇಕು, ನಾಲ್ಕು ಓವರ್ ಹಾಕೋರು ಎಷ್ಟು. ಓಪನರ್ ಐದು, ಬೌಲರ್ ಐದು, ಉಳಿದ ಐದು ನಿನ್ನಿಷ್ಟ ಅಂದೆ. ಸ್ವಲ್ಪ ಹೊತ್ತು ಟೈಪಿಂಗ್ ಅಂತ ತೋರಿಸ್ತಾ ಇತ್ತು. ‘ನನ್ನಿಷ್ಟದ ಐದರಲ್ಲಿ ಜಿತೇಶ್ ಇರ್ಲಿ, ಬೆಂಚಲ್ಲೇ ಇಡ್ತೀನಿ’ ಅಂತ ಬಂತು.

ಅದನ್ನು ಚನ್ನಪಟ್ಟಣದವನಿಗೆ ಇನ್ನೂ ಹೇಳಿಲ್ಲ. ಅವನೂ ಜಿತೇಶ್ ಮೇಲೆ ಕಣ್ಣಿಟ್ಟಿದ್ದಾನೆ. ಹರಾಜು ಬಿಡದಿಯಲ್ಲಿ, ಭಾನುವಾರ ಬೆಳಿಗ್ಗೆ ಎಂಟೂವರೆಗೆ.